ಅಪ್ಪ ಅಮೆರಿಕದ ರೇಸಿನ ಪಕ್ಷ

ಸ್ಟ್ರೋಕ್ ಆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು "ಅದು" ಎಂಬ ಒಂದೇ ಮಾತು. ನೀರು ಬೇಕಾದರೂ ಅದು, ಫ್ಯಾನ್ ನಿಲ್ಲಿಸಬೇಕಾದರೂ ಅದು, ನನ್ನನ್ನು ಕರೆಯಬೇಕಾದರೂ ಅದು. ಬಲಗೈ ಸ್ವಲ್ಪ ಸೋತಿತ್ತು, ನಡೆಯುವಾಗ ಬಲಗಾಲು ಎಡಗಾಲಿಗಿಂತ ಕೊಂಚ ತಡವಾಗಿ ಬರುತ್ತಿತ್ತು. ಅಷ್ಟು ಬಿಟ್ಟರೆ ಮೈ ಗಟ್ಟಿಯಾಗಿಯೇ ಇತ್ತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಮ್ಮ ಬಾಯಿಂದ ಮತ್ತೆ "ಅದು" ಎಂದೇ ಬಂದಾಗ ಅವರ ಮುಖದಲ್ಲಿ ಕಾಣುತ್ತಿದ್ದ ನಾಚಿಕೆಯನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಅಪ್ಪ ಕುಣಿಗಲ್ಲಿನ ಕುದುರೆ ಫಾರ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದು ರಿಟೈರ್ ಆದವರು. ಅಮ್ಮ ತೀರಿಕೊಂಡ ಮೇಲೂ ಕುಣಿಗಲ್ ಬಿಟ್ಟು ಬರಲು ಒಪ್ಪಿರಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಅವರನ್ನು ತುಮಕೂರಿಗೆ, ಸದಾಶಿವನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಕೇಳುವುದಕ್ಕೆ ಹೋಗಲಿಲ್ಲ. ಕೇಳಿದ್ದರೆ ಬೇಡ ಎನ್ನಲು ಅವರ ಹತ್ತಿರ ಮಾತೂ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ನನ್ನ ಗಂಡನದು ನಿಟ್ಟೂರಿನಲ್ಲಿ ಟೂ ವೀಲರ್ ರಿಪೇರಿ ಮತ್ತು ಸ್ಪೇರ್ ಪಾರ್ಟ್ಸ್ ಅಂಗಡಿ. ನಮ್ಮದು ನಾವೇ ನೋಡಿ ಒಪ್ಪಿಕೊಂಡ ಮದುವೆ. ಅಪ್ಪನಿಗೆ ಅದು ಇಷ್ಟವಿರಲಿಲ್ಲ. ಜಗಳವೇನೂ ಆಗಲಿಲ್ಲ, ಅಪ್ಪ ಜಗಳ ಆಡುವವರಲ್ಲ, ಸುಮ್ಮನಾಗುವವರು. ವರ್ಷಗಟ್ಟಲೆ ಮಾವ ಅಳಿಯಂದಿರ ನಡುವೆ "ಊಟ ಆಯ್ತಾ", "ಆಯ್ತು" ಎನ್ನುವುದರ ಆಚೆಗೆ ಮಾತು ಹೋದದ್ದನ್ನು ನಾನು ಕೇಳಿಲ್ಲ. ನನ್ನ ಹತ್ತಿರ ಅವನ ವಿಷಯ ಎತ್ತುವಾಗಲೂ ಅಪ್ಪ "ನಿಮ್ಮ ಗುಬ್ಬಿಯೋರು" ಎನ್ನುತ್ತಿದ್ದರು. ನಿಟ್ಟೂರು ಗುಬ್ಬಿ ತಾಲೂಕಿಗೆ ಸೇರಿದ್ದು, ಅಷ್ಟಕ್ಕೆ.

ಮಾತು ಕಲಿಸಲು ಒಬ್ಬ ಹುಡುಗಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಸ್ಪೀಚ್ ಥೆರಪಿ ಓದಿಕೊಂಡವಳು, ಬಹಳ ತಾಳ್ಮೆಯವಳು. ಹಸು, ಮರ, ಚೊಂಬು, ಛತ್ರಿ ಎಂದು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡುತ್ತಿದ್ದಳು. ಅಪ್ಪ ಮೊದಮೊದಲು ತುಟಿ ಅಲ್ಲಾಡಿಸಿದರು. ಆಮೇಲೆ ಕಾರ್ಡನ್ನು ಮಗುಚಿ ಹಾಕಲು ಶುರು ಮಾಡಿದರು. ಕೊನೆಗೆ ಒಂದು ದಿನ ಅವಳು ಬರುವ ಹೊತ್ತಿಗೆ ಸರಿಯಾಗಿ ಹೊದ್ದುಕೊಂಡು ಮಲಗಿಬಿಟ್ಟರು.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ ನನಗೆ ಹೇಳಿದಳು: "ಚಿತ್ರ ಬಿಟ್ಬಿಡೋಣ ಮೇಡಂ. ಅವ್ರಿಗೆ ವಾದ ಮಾಡ್ಬೇಕು ಅನ್ಸೋ ಅಂಥದ್ದು ಏನಾದ್ರೂ ಹುಡುಕಿ. ಇಷ್ಟದ ವಿಷಯ ಅಂತಲ್ಲ. ಸುಮ್ನೆ ಕೂತ್ಕೊಂಡಿರಕ್ಕೆ ಆಗ್ದೇ ಇರೋ ವಿಷಯ."

ಸುಮ್ಮನಿರುವುದನ್ನೇ ಅಭ್ಯಾಸ ಮಾಡಿಕೊಂಡ ಮನುಷ್ಯನಿಗೆ ಅಂಥ ವಿಷಯವನ್ನು ಎಲ್ಲಿಂದ ತರುವುದು? ನಾನು ರಾಜಕೀಯದ ಚಾನೆಲ್ ಹಾಕಿದೆ, ಕ್ರಿಕೆಟ್ ಹಾಕಿದೆ, ಧಾರಾವಾಹಿಯನ್ನೂ ಹಾಕಿ ನೋಡಿದೆ. ಅಪ್ಪ ಗೋಡೆ ಕಡೆ ತಿರುಗಿ ಕುಳಿತರು.

ಜನವರಿಯ ಒಂದು ಭಾನುವಾರ ಬೆಳಗ್ಗೆ ನಾನು ಹಾಲ್‌ನಲ್ಲಿ ಕುಳಿತು ಅವರೆಕಾಳು ಹಿಸುಕುತ್ತಿದ್ದೆ. ಬೆರಳಿಗೆ ವ್ಯಾಯಾಮವಾಗಲಿ ಎಂದು ಅಪ್ಪನ ಮುಂದೆಯೂ ಒಂದು ತಟ್ಟೆ ಇಟ್ಟಿದ್ದೆ. ನನ್ನ ಗಂಡ ಟೀವಿಯಲ್ಲಿ ಕಾರ್ ರೇಸ್ ಹಾಕಿಕೊಂಡಿದ್ದ. ಅದು ಅವನ ಹುಚ್ಚು. ಮೂತಿ ಚೂಪಾಗಿ, ಚಕ್ರಗಳು ಹೊರಗೆ ಕಾಣುವ ಕಾರುಗಳ ರೇಸ್ ಎಲ್ಲರಿಗೂ ಗೊತ್ತು, ಇವನದು ಅದಲ್ಲ. ಇವನದು ಸ್ಪೋರ್ಟ್ಸ್ ಕಾರುಗಳದ್ದು. ಆರು ಗಂಟೆ, ಹನ್ನೆರಡು ಗಂಟೆ, ಕೆಲವು ಸಲ ಒಂದು ಹಗಲು ಒಂದು ರಾತ್ರಿ ಪೂರ್ತಿ ಓಡುವ ರೇಸ್. ಒಂದೇ ಕಾರನ್ನು ಮೂರು ನಾಲ್ಕು ಜನ ಸರದಿಯ ಮೇಲೆ ಓಡಿಸುತ್ತಾರೆ. ಆವತ್ತು ಅಮೆರಿಕದ್ದು ನಡೆಯುತ್ತಿತ್ತು. ನಮಗೆ ಬೆಳಗ್ಗೆ, ಅಲ್ಲಿ ಕತ್ತಲು. ದೀಪ ಹಚ್ಚಿಕೊಂಡ ಕಾರುಗಳು ಸಾಲಾಗಿ ತಿರುಗುತ್ತಿದ್ದವು.

ಇಷ್ಟು ವರ್ಷ ಅದು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದ ನಾನು, ಅವರೆಕಾಳಿನ ದೆಸೆಯಿಂದ ಅಲ್ಲೇ ಇದ್ದೆ. ಸುಮ್ಮನೆ ಕೇಳಿದೆ: "ಹೋದ ಸಲ ಗೆದ್ದ ಕಾರು ಇದೇ ಅಂದ್ಯಲ್ಲ. ಈಗ್ಯಾಕೆ ಹಿಂದೆ ಬಿದ್ದಿದೆ?"

"ಗೆದ್ದಿದ್ದಕ್ಕೇ ಕಣೇ. ಎಲ್ಲಾ ಕಂಪ್ನಿ ಕಾರೂ ಸಮಸಮ ಓಡ್ಲಿ ಅಂತ, ಜೋರಾಗಿರೋ ಕಾರಿಗೆ ಸ್ವಲ್ಪ ಕೆಜಿ ಜಾಸ್ತಿ ಮಾಡ್ತಾರೆ, ಇಲ್ಲ ಇಂಜಿನ್ ಪವರ್ ಕಮ್ಮಿ ಮಾಡ್ತಾರೆ."

"ತೂಕ," ಎಂದರು ಅಪ್ಪ.

ನನ್ನ ಕೈಯಲ್ಲಿದ್ದ ಕಾಳು ಹಾಗೇ ನಿಂತಿತು. ನನ್ನ ಗಂಡ ತಿರುಗಿ ನೋಡಿದ. ಅಪ್ಪ ಟೀವಿಯ ಕಡೆಗೇ ನೋಡುತ್ತಿದ್ದರು. ಎಡಗೈಯಿಂದ ತಮ್ಮ ಬೆನ್ನ ಹಿಂದೆ ಏನನ್ನೋ ಇಡುವ ಹಾಗೆ ಮಾಡಿ ಮತ್ತೆ "ತೂಕ" ಎಂದರು.

ನನಗೆ ಹೊಳೆಯಿತು. ಚಿಕ್ಕವಳಿದ್ದಾಗ ಅಪ್ಪನೇ ಹೇಳಿದ್ದರು: ಗೆಲ್ಲುವ ಕುದುರೆಗೆ ಮುಂದಿನ ಓಟದಲ್ಲಿ ಜೀನಿನ ಜೊತೆ ಸೀಸದ ತುಂಡುಗಳನ್ನು ಹೊರಿಸುತ್ತಾರೆ ಎಂದು. ಅದನ್ನು ನನ್ನ ಗಂಡನಿಗೆ ವಿವರಿಸಿದೆ. ಅವನು ರಿಮೋಟ್ ಕೆಳಗಿಟ್ಟು, ಕುರ್ಚಿಯನ್ನು ಅಪ್ಪನ ಪಕ್ಕಕ್ಕೆ ಎಳೆದುಕೊಂಡು ಕುಳಿತ.

"ಹೌದು ಮಾವ, ಅದೇ ಇದು. ಕುದ್ರೆಗೆ ಮಾಡ್ದಂಗೇ."

ಅಪ್ಪ ತಲೆಯಾಡಿಸಿದರು. ಮಧ್ಯಾಹ್ನದ ಊಟದವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ. ಆವತ್ತು ಇನ್ನೊಂದು ಮಾತು ಬರಲಿಲ್ಲ. ಆದರೆ ಗೋಡೆಯ ಕಡೆಗೂ ತಿರುಗಲಿಲ್ಲ.

ಅಲ್ಲಿಂದ ಮುಂದೆ ಭಾನುವಾರಗಳು ಬದಲಾದವು. ರೇಸ್ ಇಲ್ಲದ ವಾರ ನನ್ನ ಗಂಡ ಹಳೆಯ ರೇಸುಗಳ ವಿಡಿಯೋ ಹಾಕುತ್ತಿದ್ದ. ಮೊದಲು ಅಪ್ಪನಿಗೆ ಹಿಡಿದದ್ದು ಬಣ್ಣಗಳು. ಈ ರೇಸಿನಲ್ಲಿ ಬೇರೆ ಬೇರೆ ವರ್ಗದ ಕಾರುಗಳು ಒಂದೇ ರಸ್ತೆಯಲ್ಲಿ ಒಟ್ಟಿಗೆ ಓಡುತ್ತವೆ. ಬರೀ ರೇಸಿಗೆಂದೇ ಕಟ್ಟಿದ, ನೆಲಕ್ಕೆ ಅಂಟಿಕೊಂಡಂಥ ಪ್ರೊಟೊಟೈಪ್ ಕಾರುಗಳು ಮೇಲಿನ ವರ್ಗ. ಶೋರೂಮಿನಲ್ಲಿ ಸಿಗುವ ಕಾರನ್ನೇ ರೇಸಿಗೆ ತಯಾರು ಮಾಡಿದ್ದು ಜಿಟಿ. ಜೋರಿನವು ನಿಧಾನದವನ್ನು ದಾಟಿಕೊಂಡು ಹೋಗುತ್ತಲೇ ಇರಬೇಕು, ಆದರೆ ಗೆಲುವು ಮಾತ್ರ ಅವರವರ ವರ್ಗದಲ್ಲಿ ಅವರವರಿಗೆ. ಯಾವುದು ಯಾವ ವರ್ಗ ಎಂದು ತಿಳಿಯಲು ನಂಬರಿನ ಹಿಂದೆ ಬಣ್ಣ ಇರುತ್ತದೆ. "ನೀಲಿ," "ಹಸ್ರು," ಎಂದು ಅಪ್ಪ ಬೆರಳು ತೋರಿಸಿ ಹೇಳತೊಡಗಿದರು. ಒಮ್ಮೊಮ್ಮೆ ಹಸಿರನ್ನು "ಹುಲ್ಲು" ಎಂದರು. ನನ್ನ ಗಂಡ ತಿದ್ದಲಿಲ್ಲ. "ಹೂಂ ಮಾವ, ಹುಲ್ಲು ಮುಂದೆ ಬಂತು ನೋಡಿ," ಎಂದ.

ಕೆಂಪು ಮಾತ್ರ ಇಬ್ಬರ ನಡುವೆ ಮೊದಲ ತಕರಾರು ತಂದಿತು. ಈ ಲೋಕದಲ್ಲಿ ದೊಡ್ಡ ಸರಣಿಗಳು ಎರಡು. ಒಂದು ದೇಶದೇಶಗಳಲ್ಲಿ ನಡೆಯುವ ವಿಶ್ವ ಸರಣಿ, ಇನ್ನೊಂದು ಅಮೆರಿಕದವರದು. ವಿಶ್ವ ಸರಣಿಯಲ್ಲಿ ಕೆಂಪು ಎಂದರೆ ಎಲ್ಲಕ್ಕಿಂತ ಮೇಲಿನ ವರ್ಗ. ಅಮೆರಿಕದಲ್ಲಿ ಕೆಂಪು ಎಂದರೆ ಜಿಟಿಯಲ್ಲಿ ಒಂದು ಬಗೆ. ಅಪ್ಪ ಮೊದಲು ನೋಡಿದ್ದು ಅಮೆರಿಕದ್ದು. ವಿಶ್ವ ಸರಣಿಯ ಕೆಂಪು ನಂಬರ್ ತೋರಿಸಿ ನನ್ನ ಗಂಡ "ಇದೇ ಟಾಪ್ ಮಾವ" ಎಂದಾಗ ಅಪ್ಪನಿಗೆ ಸಿಟ್ಟೇ ಬಂತು.

"ಅಲ್ಲ," ಎಂದರು. "ಕೆಂಪು... ಅಲ್ಲ. ಜಿಟಿ."

"ಅದು ಅಮೆರಿಕದಲ್ಲಿ. ಇದು ಬೇರೆ ಸರಣಿ."

"ಅಲ್ಲ. ಅಲ್ಲ. ಕೆಂಪು ಜಿಟಿ."

ಅಡುಗೆಮನೆಯಿಂದ ಅದನ್ನು ಕೇಳಿಸಿಕೊಳ್ಳುತ್ತಿದ್ದ ನನಗೆ ಎದೆ ತುಂಬಿ ಬಂತು. ಅಪ್ಪ ನನ್ನ ಗಂಡನ ಜೊತೆ ಜಗಳ ಆಡುತ್ತಿದ್ದರು. ಮಾತು ಇದ್ದಾಗ ಒಂದು ದಿನವೂ ಆಡದಿದ್ದ ಜಗಳ.

ಅಪ್ಪ ಅಮೆರಿಕದ ಪಕ್ಷ ಹಿಡಿದದ್ದು ಹೀಗೆ. ನನ್ನ ಗಂಡ ಮೊದಲಿನಿಂದ ವಿಶ್ವ ಸರಣಿಯವನು. ಜೂನ್ ತಿಂಗಳಲ್ಲಿ ಫ್ರಾನ್ಸಿನಲ್ಲಿ ನಡೆಯುವ ಆ ಇಪ್ಪತ್ನಾಲ್ಕು ಗಂಟೆಯ ರೇಸಿನ ಮುಂದೆ ಬೇರೆಲ್ಲ ಸಪ್ಪೆ ಎನ್ನುವವನು. ಹಿಂದೆ ಎರಡೂ ಕಡೆ ಮೇಲಿನ ವರ್ಗದ ಕಾರುಗಳೇ ಬೇರೆ ಇದ್ದವಂತೆ, ಅಲ್ಲಿನದು ಇಲ್ಲಿ ಓಡುವಂತಿರಲಿಲ್ಲ. ಈಗ ಕೂತು ಮಾತಾಡಿಕೊಂಡು ನಿಯಮ ಹೊಂದಿಸಿದ್ದಾರೆ. ಕಾರನ್ನು ಪೂರ್ತಿ ತಾವೇ ಕಟ್ಟಿದವರೂ, ಕಾರಿನ ಅಡಿಗಟ್ಟಾದ ಚಾಸಿಯನ್ನು ಹೊರಗೆ ಕೊಂಡು ತಮ್ಮ ಇಂಜಿನ್ ಕೂರಿಸಿದವರೂ ಎರಡೂ ಕಡೆ ಓಡಬಹುದು. ಅದರಿಂದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಬಂದು ಸೇರಿವೆ. ಆದರೂ ಎರಡರ ನಡುವಿನ ಪೈಪೋಟಿ ಹೋಗಿಲ್ಲ. ನಮ್ಮ ಹಾಲ್‌ನಲ್ಲಂತೂ ಹೋಗಲೇ ಇಲ್ಲ.

ಅಪ್ಪನಿಗೆ ಅಮೆರಿಕ ಹಿಡಿಸಲು ಒಂದು ಕಾರಣವಿತ್ತು. ಅಲ್ಲಿ ಏನಾದರೂ ಅಪಘಾತವಾದರೆ ಹಳದಿ ಬಾವುಟ ತೋರಿಸಿ ಎಲ್ಲ ಕಾರುಗಳನ್ನೂ ನಿಧಾನ ಮಾಡಿಸಿ ಒಂದೇ ಸಾಲಿಗೆ ತರುತ್ತಾರೆ. ಒಂದು ಸುತ್ತು ಹಿಂದೆ ಬಿದ್ದವರಿಗೂ ಮತ್ತೆ ಬಂದು ಸಾಲು ಸೇರಿಕೊಳ್ಳಲು ಅವಕಾಶ ಸಿಗುತ್ತದೆ. ನನ್ನ ಗಂಡನಿಗೆ ಇದು ಸರಿಬರುತ್ತಿರಲಿಲ್ಲ. "ಕಷ್ಟಪಟ್ಟು ಮುಂದೆ ಹೋದವನ ಗತಿ ಏನು ಮಾವ? ಅವನು ದುಡಿದಿದ್ದೆಲ್ಲ ನೀರಲ್ಲಿ ಹೋಯ್ತಲ್ಲ."

ಅಪ್ಪ ಬಹಳ ಹೊತ್ತು ಪದಕ್ಕಾಗಿ ತಡಕಾಡಿದರು. ತೊಡೆಯ ಮೇಲೆ ಬೆರಳು ಬಡಿಯುತ್ತಾ, ಕಣ್ಣು ಮುಚ್ಚಿ. ಕೊನೆಗೆ ಹೇಳಿದರು: "ಸೇರಿಸ್ಕೋತಾರೆ... ಅಲ್ವಾ."



ಎರಡನೇ ದರ್ಜೆಯ ಪ್ರೊಟೊಟೈಪ್ ಕಾರುಗಳನ್ನು ವಿಶ್ವ ಸರಣಿ ಕೈಬಿಟ್ಟಿದೆ, ಫ್ರಾನ್ಸಿನ ಒಂದು ರೇಸಿಗೆ ಮಾತ್ರ ಕರೆಯುತ್ತದೆ ಎಂದು ಗೊತ್ತಾದಾಗ ಅಪ್ಪನ ಪಕ್ಷ ಇನ್ನೂ ಗಟ್ಟಿಯಾಯಿತು. ಅಮೆರಿಕದವರು ಅವನ್ನು ಇಟ್ಟುಕೊಂಡಿದ್ದರು. "ಯಾಕ್ ಬುಟ್ರು? ಚೆನ್ನಾಗ್ ಓಡ್ತಿತ್ತು," ಎಂದು ಆ ವಾರವೆಲ್ಲ ಕೇಳಿದರು, ನನ್ನನ್ನೂ ಕೇಳಿದರು, ಹಾಲು ಹಾಕಲು ಬಂದವನನ್ನೂ ಕೇಳಿದರು. ಅವನು ಎಮ್ಮೆಯ ವಿಷಯ ಎಂದುಕೊಂಡು ಏನೋ ಸಮಾಧಾನ ಹೇಳಿ ಹೋದ.

ಅವರು ಮನಸಾರೆ ನಕ್ಕಿದ್ದನ್ನು ನಾನು ಕಂಡದ್ದೂ ಈ ರೇಸಿನ ವಿಷಯಕ್ಕೇ. ಯಾವ ಕಾರಿಗೆ ಎಷ್ಟು ತೂಕ ಎಂಬ ತೀರ್ಮಾನವನ್ನು ವಿಶ್ವ ಸರಣಿಯಲ್ಲಿ ತಂಡದವರು ಬಹಿರಂಗವಾಗಿ ಟೀಕಿಸುವಂತಿಲ್ಲ, ಅದಕ್ಕೇ ನಿಯಮವಿದೆ ಎಂದು ನನ್ನ ಗಂಡ ಹೇಳಿದ. ಮೈಕ್ ಹಿಡಿದು ಕೇಳಿದರೆ ಡ್ರೈವರುಗಳು ಹಲ್ಲು ಕಿರಿದು ಬೇರೆ ಮಾತು ಎತ್ತುತ್ತಾರಂತೆ. ಅಪ್ಪ ತಮ್ಮ ಬಾಯಿ ಮುಟ್ಟಿ ತೋರಿಸಿದರು. "ನನ್ ಥರ," ಎಂದರು. ಆಮೇಲೆ ನಗು ಶುರುವಾಗಿ, ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಲಿಲ್ಲ.

ಕಂಚಿನ ಡ್ರೈವರ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಅದೇ ಬೇಸಿಗೆಯಲ್ಲಿ. ಈ ರೇಸುಗಳಲ್ಲಿ ಡ್ರೈವರುಗಳಿಗೂ ದರ್ಜೆ ಉಂಟು: ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು. ವಿಶ್ವ ಸರಣಿಯ ಜಿಟಿ ವರ್ಗದಲ್ಲಿ ಪ್ರತಿ ಕಾರಿನಲ್ಲೂ ಒಬ್ಬ ಕಂಚಿನವನು ಇರಲೇಬೇಕು. ಅವನು ವೃತ್ತಿಯ ಡ್ರೈವರ್ ಅಲ್ಲ. ಅವನಿಗೆ ಬೇರೆ ಉದ್ಯೋಗವಿರುತ್ತದೆ, ವಯಸ್ಸೂ ಆಗಿರುತ್ತದೆ, ಆಸೆಯಿಂದ ಬಂದಿರುತ್ತಾನೆ. ಅವನು ಇಷ್ಟು ಹೊತ್ತು ಓಡಿಸಲೇಬೇಕು ಎಂದು ನಿಯಮ. ಹೆಸರಿಗೆ ಕೂರಿಸಿ ಇಳಿಸಿಬಿಡುವಂತಿಲ್ಲ.

"ಅವ್ನು ನಿಧಾನ ಅಲ್ವಾ?" ಎಂದು ಕೇಳಿದೆ ನಾನು.

"ನಿಧಾನನೇ. ಆದ್ರೆ ಅವನ ಸ್ಟಿಂಟ್ ಅವನದು," ಎಂದ ನನ್ನ ಗಂಡ. ಒಬ್ಬ ಡ್ರೈವರ್ ಎಡೆಬಿಡದೆ ಓಡಿಸುವ ಅವಧಿಗೆ ಅವರು ಸ್ಟಿಂಟ್ ಎನ್ನುತ್ತಾರೆ. "ಅವನು ಮುಗಿಸೋವರ್ಗೂ ಪ್ಲಾಟಿನಂ ಆದ್ರೂ ಹೆಲ್ಮೆಟ್ ಹಾಕ್ಕೊಂಡು ಕಾಯ್ಬೇಕು."

ಅಪ್ಪ ತಮ್ಮ ಎದೆ ತಟ್ಟಿಕೊಂಡು "ಕಂಚು" ಎಂದರು.

ಅವತ್ತಿನಿಂದ ಅವರಿಬ್ಬರ ನಡುವೆ ಅದೊಂದು ಒಪ್ಪಂದದಂತಾಯಿತು. ಅಪ್ಪ ಪದ ಹುಡುಕುತ್ತಾ ನಿಂತರೆ ನಾನು ತಡೆಯಲಾರದೆ ನಾನೇ ಹೇಳಿಬಿಡಲು ಹೊರಡುತ್ತಿದ್ದೆ, ಟೀಚರ್ ಬುದ್ಧಿ. ಆಗ ನನ್ನ ಗಂಡ ಕೈ ಅಡ್ಡ ಹಿಡಿಯುತ್ತಿದ್ದ. "ಮಾವನ ಸ್ಟಿಂಟ್ ನಡೀತಿದೆ. ಸುಮ್ನಿರು." ಅಪ್ಪ ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಮುಗಿಸುತ್ತಿದ್ದರು. ವಾರಕ್ಕೊಮ್ಮೆ ಬರುತ್ತಿದ್ದ ಹುಡುಗಿ ಕಾರ್ಡುಗಳನ್ನು ತರುವುದನ್ನೇ ಬಿಟ್ಟಳು. ಅಪ್ಪನ ಪಕ್ಕ ಕುಳಿತು, ತನಗೆ ಏನೂ ತಿಳಿಯದ ರೇಸಿನ ವಿಷಯ ಕೇಳುತ್ತಿದ್ದಳು. ಅಪ್ಪ ಹೇಳುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಗೂಳೂರಿನಲ್ಲಿ ನನ್ನ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ನಡೆಯಿತು. ಅಪ್ಪ ಮನೆತನಕ್ಕೆ ಹಿರಿಯರು. ನಮ್ಮಲ್ಲಿ ತಾಂಬೂಲ ಬದಲಾಯಿಸುವಾಗ ಹುಡುಗಿಯ ಕಡೆಯ ಹಿರಿಯರು ಸಭೆಯ ಮುಂದೆ ಬಾಯಿಬಿಟ್ಟು ಹೇಳಬೇಕು, ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕೊಡಲು ಒಪ್ಪಿದ್ದೇವೆ ಎಂದು. ಚಿಕ್ಕಪ್ಪ ಫೋನಿನಲ್ಲೇ ಮೆತ್ತಗೆ ಹೇಳಿದ್ದರು, "ಅಣ್ಣಂಗೆ ಯಾಕೆ ತೊಂದ್ರೆ, ನಾನೇ ಹೇಳ್ತೀನಿ ಬುಡು." ಅವರದೂ ಪ್ರೀತಿಯೇ. ಅಣ್ಣ ನಾಲ್ಕು ಜನರ ಮುಂದೆ ತಬ್ಬಿಬ್ಬಾಗುವುದು ಅವರಿಗೆ ಬೇಕಿರಲಿಲ್ಲ.

ಅಪ್ಪ ಬಿಳಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದಿದ್ದರು. ತಾಂಬೂಲದ ತಟ್ಟೆ ಬಂದಾಗ ಚಿಕ್ಕಪ್ಪ ಕೈ ಚಾಚಿದರು. ಅಪ್ಪ ಎಡಗೈಯಿಂದ ಆ ಕೈಯನ್ನು ಮೆಲ್ಲಗೆ ಸರಿಸಿ, ತಟ್ಟೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ನಮ್ಮ..." ಎಂದು ಶುರು ಮಾಡಿದರು. ನಿಂತರು. "ನಮ್ಮ ಕುದುರೆ..."

ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪನ ಕತ್ತು ಕೆಂಪಾಯಿತು. ಚಿಕ್ಕಪ್ಪ ಬಾಗಿ "ಹುಡುಗಿ, ಅಣ್ಣ, ಹುಡುಗಿ" ಎನ್ನಲು ಹೊರಟರು. ಅಷ್ಟರಲ್ಲಿ ಗಂಡಸರ ಸಾಲಿನ ಕೊನೆಯಲ್ಲಿ ಕುಳಿತಿದ್ದ ನನ್ನ ಗಂಡ ಎದ್ದು ಬಂದು ಅಪ್ಪನ ಪಕ್ಕ ಮಂಡಿಯೂರಿ ಕುಳಿತ.

"ಚಿಕ್ಕಮಾವ, ತಡೀರಿ. ಅವ್ರು ಹೇಳ್ತಾರೆ," ಎಂದ. ಧ್ವನಿ ಏರಿಸಲಿಲ್ಲ. ಆಮೇಲೆ ಅಪ್ಪನಿಗೆ ಮಾತ್ರ ಕೇಳುವಂತೆ, ಆದರೆ ಹಿಂದೆಯೇ ನಿಂತಿದ್ದ ನನಗೂ ಕೇಳಿತು: "ಸ್ಟಿಂಟ್ ನಿಮ್ದು ಮಾವ. ಯಾರೂ ದಾಟಲ್ಲ."

ಅಪ್ಪ ಕಣ್ಣು ಮುಚ್ಚಿದರು. ತಟ್ಟೆಯ ಅಂಚಿನ ಮೇಲೆ ಬೆರಳು ಬಡಿದರು. ಗಂಡಿನ ಕಡೆಯ ಹಿರಿಯರು, ಪುಣ್ಯಾತ್ಮರು, ಅವಸರ ಮಾಡಲಿಲ್ಲ. ತಮ್ಮ ತಟ್ಟೆ ಹಿಡಿದುಕೊಂಡು ಹಾಗೇ ಕಾದರು. ಸುತ್ತಲೂ ಗುಸುಗುಸು ಎದ್ದಿತು, ತಗ್ಗಿತು.

"ನಮ್ಮ ಹುಡ್ಗೀನ," ಎಂದರು ಅಪ್ಪ, ಒಂದೊಂದೇ ಪದವನ್ನು ಕೆಳಗಿಟ್ಟು ನೋಡಿ ಮುಂದೆ ಹೋಗುವ ಹಾಗೆ. "ನಿಮ್ಮ ಮನೇಗೆ. ಕೊಟ್ಟಿದೀವಿ. ಚೆನ್ನಾಗ್ ನೋಡ್ಕೊಳಿ."

ಚೆನ್ನಾಗಿ ನೋಡಿಕೊಳ್ಳಿ ಎನ್ನುವುದು ಶಾಸ್ತ್ರದಲ್ಲಿ ಇಲ್ಲ. ಚಿಕ್ಕಪ್ಪ ಅಣ್ಣನ ಭುಜದ ಮೇಲೆ ಮುಖ ಇಟ್ಟು ಅತ್ತುಬಿಟ್ಟರು. ತಟ್ಟೆ ಬದಲಾಯಿತು, ವಾಲಗ ಶುರುವಾಯಿತು.

ಊಟ ಮುಗಿಸಿ ಹೊರಟಾಗ ಬಿಸಿಲು ಇಳಿಯುತ್ತಿತ್ತು. ನನ್ನ ಗಂಡ ಕಾರು ಓಡಿಸುತ್ತಿದ್ದ, ಅಪ್ಪ ಮುಂದಿನ ಸೀಟಿನಲ್ಲಿದ್ದರು, ನಾನು ಹಿಂದೆ. ಗೂಳೂರು ಕೆರೆಯ ಏರಿ ದಾಟಿದ ಮೇಲೆ ಅಪ್ಪ "ನಿಲ್ಸು" ಎಂದರು. ನನ್ನ ಗಂಡ ಪಕ್ಕಕ್ಕೆ ನಿಲ್ಲಿಸಿದ. ಅಪ್ಪ ಅಂಗಿಯ ಜೇಬಿನಿಂದ ಸಭೆಯಲ್ಲಿ ಕೊಟ್ಟಿದ್ದ ಎಲೆ ಅಡಿಕೆ ತೆಗೆದರು. ಸೋತ ಬಲಗೈಯನ್ನೇ ಮುಂದು ಮಾಡಿ, ಎಡಗೈಯನ್ನು ಅದಕ್ಕೆ ಆಸರೆ ಕೊಟ್ಟು, ಅದನ್ನು ಅವನ ಮುಂದೆ ಹಿಡಿದರು.

"ನಿಂಗೂ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆವತ್ತು... ಕೊಡ್ಲಿಲ್ಲ."

ನಮ್ಮ ಮದುವೆಗೆ ಅಪ್ಪ ಬಂದಿದ್ದರು, ಹಿಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿಕೊಂಡು ಹೋಗಿದ್ದರು. ತಾಂಬೂಲ ಕೊಟ್ಟವರು ಚಿಕ್ಕಪ್ಪ. ನನ್ನ ಗಂಡ ಅದನ್ನು ಒಂದು ಸಲವೂ ಎತ್ತಿ ಆಡಿದವನಲ್ಲ. ಈಗ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. "ಆಯ್ತು ಮಾವ," ಎಂದ. ನಾನು ಕಿಟಕಿಯ ಆಚೆ ಕೆರೆ ನೋಡುತ್ತಾ ಸೆರಗಿನಿಂದ ಮುಖ ಒರೆಸಿಕೊಂಡೆ.

ಈಗ ಅಪ್ಪ ವಾರದಲ್ಲಿ ಕೆಲವು ದಿನ ಅವನ ಜೊತೆ ನಿಟ್ಟೂರಿನ ಅಂಗಡಿಗೆ ಹೋಗುತ್ತಾರೆ. ಕೌಂಟರಿನ ಪಕ್ಕ ಅವರಿಗೆ ಒಂದು ಕುರ್ಚಿ ಇದೆ. ಗಾಡಿ ಬಿಟ್ಟು ಕಾಯುವ ಗಿರಾಕಿಗಳಿಗೆ ಎರಡು ಸರಣಿಗಳ ವ್ಯತ್ಯಾಸ ವಿವರಿಸುತ್ತಾರೆ. ಬಹಳ ಜನ ಕೇಳಿಸಿಕೊಳ್ಳುತ್ತಾರೆ, ಕೆಲವರು ಫೋನ್ ಬಂತೆಂದು ಎದ್ದು ಹೋಗುತ್ತಾರೆ. ಮಾತು ಪೂರ್ತಿ ಬಂದಿಲ್ಲ. ದಣಿದ ದಿನ ಹುಲ್ಲು ಹಸಿರಾಗುತ್ತದೆ, ಹಸಿರು ಹುಲ್ಲಾಗುತ್ತದೆ, ಮತ್ತು "ಅದು" ವಾಪಸು ಬರುತ್ತದೆ. ಪೂರ್ತಿ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ, ನಾವೂ ಒಪ್ಪಿಕೊಂಡಿದ್ದೇವೆ.

ಈಚೆಗೆ ಒಂದು ಕಂಪನಿ ವಿಶ್ವ ಸರಣಿ ಬಿಟ್ಟು ಅಮೆರಿಕದಲ್ಲಿ ಮಾತ್ರ ಮುಂದುವರಿಯುತ್ತದೆ ಎಂಬ ಸುದ್ದಿ ಬಂದಾಗ ಅಪ್ಪ ಎರಡು ಹೋಳಿಗೆ ಹೆಚ್ಚಿಗೆ ತಿಂದರು. ನನ್ನ ಗಂಡ ಮುಖ ಊದಿಸಿಕೊಂಡು, ಹೊಸ ಕಂಪನಿಗಳು ಬರುತ್ತಿವೆ, ವಿಶ್ವ ಸರಣಿಗೆ ಏನೂ ಆಗಲ್ಲ ಎಂದು ಲೆಕ್ಕ ಒಪ್ಪಿಸಿದ. ಮೊನ್ನೆ ಇನ್ನೊಂದು ಸುದ್ದಿ ಓದಿ ಹೇಳಿದ. ಮುಂದೆ ಕೆಲವು ವರ್ಷಗಳಲ್ಲಿ ಮೇಲಿನ ವರ್ಗಕ್ಕೆ ಎರಡೂ ಕಡೆ ಪೂರ್ತಿ ಒಂದೇ ನಿಯಮ ತರುವ ಮಾತುಕತೆ ನಡೆದಿದೆಯಂತೆ. ಕಾರನ್ನು ಹೇಗೆ ಕಟ್ಟಬೇಕೆಂಬುದರಲ್ಲೂ ಭೇದ ಇರುವುದಿಲ್ಲವಂತೆ.

ಅಪ್ಪ ಚಹಾ ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಚಿಂತೆ ಕಂಡಿತು.

"ಒಂದೇ ಆದ್ರೆ..." ಎಂದರು. ನಾವಿಬ್ಬರೂ ಕಾದೆವು. "ಒಂದೇ ಆದ್ರೆ, ನಾವು... ಯಾವ್ದಕ್ಕೆ ಜಗಳ ಆಡದು?"

"ಜಿಟಿ ಐತಲ್ಲ ಮಾವ," ಎಂದ ನನ್ನ ಗಂಡ. "ಅಲ್ಲಿ ಇನ್ನೂ ಏನೂ ಸರಿಹೋಗಿಲ್ಲ."

ಅಪ್ಪ ಸ್ವಲ್ಪ ಯೋಚಿಸಿ, ಅದು ಸಾಕು ಎನ್ನಿಸಿದವರಂತೆ ಲೋಟ ಎತ್ತಿಕೊಂಡರು.